ಪಕ್ಕದ ಲೈನ್ ಮನೆಯ ಮಕ್ಕಳಿಗಾಗಿ 1098ಕ್ಕೆ ಫೋನ್ ಮಾಡಲಾ, ಬೇಡವಾ?

ಪ್ರಶ್ನೆ: ಕೊಡಗಿನ ಅಮ್ಮತ್ತಿ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ ಇದೆ. ಹಿಂದೆಯೇ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳು. ಅದರಲ್ಲೊಂದು ಮನೆಯಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು. ಕೂಲಿ ಕೈಗೆ ಬರುವ ಬಟವಾಡೆ ದಿನ ಬಂತು ಅಂದರೆ ಗಂಡ ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಾನೆ, ಅಡ್ಡ ಬಂದ ಮಕ್ಕಳಿಗೂ ಬೀಳುತ್ತದೆ. ದೊಡ್ಡ ಹುಡುಗಿಗೆ ಹನ್ನೆರಡು ವರ್ಷ. ದಸರಾ ರಜೆ ಮುಗಿದ ಮೇಲೆ ಶಾಲೆ ಕಡೆ ಹೋಗಿಲ್ಲ, ಒಂದೂವರೆ ವರ್ಷದ ತಮ್ಮನನ್ನು ನೋಡಿಕೊಂಡು ಮನೆಯಲ್ಲೇ ಇದ್ದಾಳೆ. ನಡುವಿನ ಹುಡುಗನಿಗೆ ಒಂಬತ್ತು, ಕುಯ್ಲು ಶುರುವಾದರೆ ತಾಯಿ ಜೊತೆ ತೋಟಕ್ಕೆ ಹೋಗುತ್ತಾನೆ. ಕುಡಿಯದ ದಿನ ಆ ಮನುಷ್ಯ ತುಂಬಾ ಒಳ್ಳೆಯವನು, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಬರುತ್ತಾನೆ. ನನಗೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋಣ ಅನ್ನಿಸುತ್ತದೆ. ನಮ್ಮ ಯಜಮಾನರು "ಬೇರೆಯವರ ಮನೆ ವಿಷಯ ನಮಗ್ಯಾಕೆ" ಅನ್ನುತ್ತಾರೆ. ಮಾವನವರು "ಸರ್ಕಾರ ಮನೆಯೊಳಗೆ ಕಾಲಿಟ್ಟರೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತದೆ, ಫಾರಿನ್‌ನಲ್ಲಿ ಹಾಗೇ ಮಾಡಿದ್ದಾರೆ, ಆ ತಾಯಿಯ ಶಾಪ ನಮಗೆ ತಟ್ಟುತ್ತದೆ" ಅನ್ನುತ್ತಾರೆ. ಸರ್ಕಾರ ಸಂಸಾರದ ವಿಷಯಕ್ಕೆ ಕೈ ಹಾಕುವುದು ಸರಿಯಾ? ನಾನೇನು ಮಾಡಲಿ?

ಉತ್ತರ: ಫೋನ್ ಮಾಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸರ್ಕಾರದ ಬಗ್ಗೆ ಕೆಲವು ಕಹಿ ಮಾತು ಬರುತ್ತವೆ, ಅದನ್ನು ಓದಿ ನೀವು ಹಿಂದೆ ಸರಿಯಬಾರದು. ಆದರೆ ಫೋನಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು, ಅದಕ್ಕೆ ಮೊದಲು ಯಾರ ಜೊತೆ ಮಾತಾಡಬೇಕು ಅನ್ನುವುದರ ಮೇಲೆ ಆ ಮಕ್ಕಳಿಗೆ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ನಿಂತಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಸದಸ್ಯೆಯಾಗಿ ಕೂತವಳು. ಅದಕ್ಕೂ ಮೊದಲು ಕೊಡಗಿನ ಆದಿವಾಸಿಗಳ ಹಾಡಿಗಳಲ್ಲಿ, ಲೈನ್ ಮನೆಗಳಲ್ಲಿ ಓಡಾಡಿ ಕೆಲಸ ಮಾಡಿದವಳು. ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತದೆ. ಸುಮ್ಮನಿದ್ದರೆ ಮಕ್ಕಳ ಬದುಕು ಹಾಳಾಗುತ್ತದೆ. ಬಾಯಿಬಿಟ್ಟರೆ ಒಂದು ಮನೆ ಒಡೆಯುತ್ತದೆ. ಎರಡೂ ಸುಮ್ನೆ ಹುಟ್ಟಿದ ಭಯ ಅಲ್ಲ.

ಮೊದಲು ನಿಮ್ಮ ಯಜಮಾನರ ಮಾತು ನೋಡೋಣ. ಬೇರೆಯವರ ಮನೆ ವಿಷಯ ಅಂತಾರೆ. ನಮ್ಮ ಕೊಡಗಿನಲ್ಲಿ ಯಾವ ಕಾಲಕ್ಕೆ ಮನೆ ವಿಷಯ ಮನೆಯೊಳಗೇ ಇತ್ತು ಹೇಳಿ? ಒಕ್ಕದಲ್ಲಿ, ಅಂದರೆ ಕೊಡವರ ದೊಡ್ಡ ಕುಟುಂಬದಲ್ಲಿ, ಯಾರಾದರೂ ಹೆಂಡತಿ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಅದರ ಹಿರಿಯರಾದ ಪಟ್ಟೆದಾರ ಕರೆಸಿ ಕೇಳುತ್ತಿದ್ದರು, ಅಲ್ಲಿ ಆಗದಿದ್ದರೆ ಊರಿನ ಮುಖ್ಯಸ್ಥರಾದ ತಕ್ಕರ ಮುಂದೆ ಹೋಗುತ್ತಿತ್ತು. ಆ ಹಿರಿಯರ ತೀರ್ಪು ಎಲ್ಲಾ ಸರಿ ಇತ್ತು ಅಂತ ನಾನು ಹೇಳುವುದಿಲ್ಲ, ಹೆಂಗಸಿನ ಮಾತಿಗೆ ಅಲ್ಲಿ ಬೆಲೆ ಕಡಿಮೆಯೇ ಇತ್ತು. ಆದರೆ ಕೇಳುವವರು ಇದ್ದರು. ನಿಮ್ಮ ಅಂಗಡಿ ಹಿಂದಿನ ಆ ತಾಯಿಗೆ ಯಾರಿದ್ದಾರೆ? ಲೈನ್ ಮನೆಗೆ ಬಂದು ಸೇರುವವರು ಹೆಚ್ಚಿನವರು ನೆಂಟರಿಷ್ಟರನ್ನು ಬಿಟ್ಟು ಬಂದವರು. ಈಗಂತೂ ಅಸ್ಸಾಂ, ಬಂಗಾಳದಿಂದ ಬಂದವರೂ ಇದ್ದಾರೆ. ಅವಳಿಗೆ ತವರು ಹತ್ತಿರವಿಲ್ಲ, ಹಿರಿಯರಿಲ್ಲ, ಮನೆ ಕೂಡ ಸ್ವಂತದ್ದಲ್ಲ. ಅಂಥ ಕಡೆ ಕೇಳುವವರು ಅಂತ ಉಳಿಯುವುದು ಪಕ್ಕದ ಮನೆಯವರು, ಆಮೇಲೆ ಸರ್ಕಾರ.

ಸರ್ಕಾರ ಆ ಮನೆಯೊಳಗೆ ಈಗಾಗಲೇ ಇದೆ ಅನ್ನುವುದನ್ನೂ ನೋಡಿ. ತಾಯಿ ಕಾರ್ಡ್ ಮಾಡಿಸಿದ್ದು, ಕೂಸಿಗೆ ಚುಚ್ಚುಮದ್ದು ಹಾಕಿಸಿದ್ದು ಆಶಾ ಕಾರ್ಯಕರ್ತೆ. ರೇಷನ್ ಅಕ್ಕಿ, ಅಂಗನವಾಡಿಯ ಪೌಷ್ಟಿಕ ಆಹಾರ, ಶಾಲೆಯ ಬಿಸಿಯೂಟ, ಈಗ ಗೃಹಲಕ್ಷ್ಮಿಯ ಎರಡು ಸಾವಿರ, ಇದೆಲ್ಲಾ ಸಂಸಾರದೊಳಗೆ ಸರ್ಕಾರ ಬಂದಿದ್ದೇ ಅಲ್ವಾ? ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಏಟಿನ ವಿಷಯ ಬಂದಾಗ ಮಾತ್ರ ನಮಗೆ ಅದು ಖಾಸಗಿ ಅನ್ನಿಸುತ್ತದೆ. ಕಾನೂನಿಗೆ ಹಾಗೆ ಅನ್ನಿಸುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಹೊಡೆದು ಬಡಿದು ಹಿಂಸೆ ಕೊಟ್ಟರೆ, ಬೇಕೆಂದೇ ಗತಿಗೆಡಿಸಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ದಂಡ, ಇಲ್ಲವೇ ಎರಡೂ. "ನನ್ನ ಮಗು, ನಾನು ಹೊಡೀತೀನಿ" ಅನ್ನುವುದಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ಇನ್ನು ನಿಮ್ಮ ಮಾವನವರ ಮಾತು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಹೇಳಿದ ಫಾರಿನ್ ಕತೆ ನಡೆದದ್ದೇ. 2011ರಲ್ಲಿ ನಾರ್ವೆಯಲ್ಲಿದ್ದ ಭಾರತದ ದಂಪತಿಯ ಇಬ್ಬರು ಪುಟ್ಟ ಮಕ್ಕಳನ್ನು ಅಲ್ಲಿನ ಮಕ್ಕಳ ಇಲಾಖೆ ತೆಗೆದುಕೊಂಡು ಹೋಯಿತು. ನಮ್ಮ ಸರ್ಕಾರವೇ ನಡುವೆ ಬಂದು ಮಾತಾಡಿದ ಮೇಲೆ 2012ರಲ್ಲಿ ಮಕ್ಕಳು ಚಿಕ್ಕಪ್ಪನ ಜೊತೆ ಇಲ್ಲಿಗೆ ಬಂದರು. ಇದಕ್ಕಿಂತ ದೊಡ್ಡ ಅನ್ಯಾಯ ಆಸ್ಟ್ರೇಲಿಯಾದಲ್ಲಿ ನಡೆದಿದೆ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಅವರ ಒಳ್ಳೆಯದಕ್ಕೇ ಅಂತ ಹೇಳಿಕೊಂಡು ತಲೆಮಾರುಗಟ್ಟಲೆ ತಾಯಂದಿರ ಮಡಿಲಿನಿಂದ ಕಿತ್ತುಕೊಂಡು ಹೋದರು. 2008ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ನಿಂತು ಅದಕ್ಕೆ ಕ್ಷಮೆ ಕೇಳಿದರು.

ಅಷ್ಟು ದೂರ ಯಾಕೆ ಹೋಗಬೇಕು? 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲೇ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರಲ್ಲ, ಆ ಚಳಿಯಲ್ಲಿ ಬಯಲಿಗೆ ಬಿದ್ದವರಲ್ಲಿ ಮಕ್ಕಳೂ ಇದ್ದರು. ಸೂರು ಕಿತ್ತ ಸರ್ಕಾರವೇ ನಾಳೆ ಬಂದು "ಮಗು ಯಾಕೆ ಶಾಲೆಗೆ ಬಂದಿಲ್ಲ" ಅಂತ ಕೇಳಿದರೆ ಹಾಡಿಯ ತಾಯಿ ನಂಬುವುದಾದರೂ ಹೇಗೆ? ಹಾಡಿಗಳಲ್ಲಿ ಜೀಪಿನ ಸದ್ದು ಕೇಳಿದರೆ ಮಕ್ಕಳು ಕಾಫಿ ಗಿಡದ ಸಂದಿಗೆ ಓಡುವುದನ್ನು ನಾನು ಕಂಡಿದ್ದೇನೆ. ಆ ಓಟಕ್ಕೆ ಕಾರಣ ಇದೆ.

ಹಾಗಾಗಿ ಸರ್ಕಾರ ಬರಬೇಕಾ ಅಂತ ಕೇಳಿದರೆ ನನ್ನ ಉತ್ತರ ಬರಬೇಕು ಅಂತಲೇ. ಆದರೆ ಬೇಗ ಬರಬೇಕು, ಸಹಾಯ ಹಿಡಿದುಕೊಂಡು ಬರಬೇಕು. ನಾವು ಸಮಿತಿಯಲ್ಲಿ ಮಕ್ಕಳನ್ನು ಬಾಲಮಂದಿರಕ್ಕೆ ಕಳಿಸಲೇಬೇಕಾಗಿ ಬಂದ ಕೇಸುಗಳಲ್ಲಿ ಜಾಸ್ತಿ ಪಾಲು ಅಕ್ಕಪಕ್ಕದವರಿಗೆ ವರ್ಷಗಟ್ಟಲೆ ಗೊತ್ತಿದ್ದು ಯಾರೂ ಹೇಳದೆ ಬಿಟ್ಟಿದ್ದಂಥವು. ಮೊದಲ ವರ್ಷವೇ ಯಾರಾದರೂ ಹೇಳಿದ್ದರೆ ಕೂಸಿಗೊಂದು ಶಿಶುವಿಹಾರ, ತಂದೆಗೆ ಚಿಕಿತ್ಸೆ, ಇಷ್ಟರಲ್ಲೇ ಮುಗಿಯುತ್ತಿತ್ತು. ಕೈ ಮುರಿದ ಮೇಲೆ, ಹುಡುಗಿ ಮನೆ ಬಿಟ್ಟು ಹೋದ ಮೇಲೆ ನಮ್ಮ ಮುಂದೆ ಬಂದರೆ ನಮಗೂ ದಾರಿ ಕಡಿಮೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಮನೆಯವರದ್ದು, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಬರೆದಿದೆ. ಬಡತನಕ್ಕೆ ಮಕ್ಕಳನ್ನು ತೆಗೆದುಕೊಂಡು ಹೋಗುವಂತಿಲ್ಲ.

ಈಗ ಆ ಮನೆಯ ವಿಷಯಕ್ಕೆ ಬರೋಣ. ನೀವು ಎಲ್ಲವನ್ನೂ ಕುಡಿತದ ಲೆಕ್ಕಕ್ಕೆ ಬರೆದಂತಿದೆ. ನನಗೆ ಅಲ್ಲಿ ಎರಡು ಬೇರೆ ಬೇರೆ ತೊಂದರೆ ಕಾಣುತ್ತದೆ. ಹುಡುಗಿ ಶಾಲೆ ಬಿಟ್ಟಿದ್ದು ಅಪ್ಪ ಕುಡಿಯುವುದಕ್ಕಲ್ಲ, ಕೂಸನ್ನು ನೋಡಿಕೊಳ್ಳುವವರು ಇಲ್ಲ ಅಂತ. ಅಪ್ಪ ನಾಳೆಯೇ ಕುಡಿತ ಬಿಟ್ಟರೂ ಅವಳು ಮನೆಯಲ್ಲೇ ಇರುತ್ತಾಳೆ, ಯಾಕಂದ್ರೆ ತಾಯಿ ತೋಟಕ್ಕೆ ಹೋಗಲೇಬೇಕು.

ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಲೈನಿಗೆ ಹೋಗಿ ನೋಡಿ. ದೊಡ್ಡವರು ಯಾರೂ ಇರುವುದಿಲ್ಲ. ಸಾಲಿನ ಬಾಗಿಲುಗಳಲ್ಲಿ ಹತ್ತು, ಹನ್ನೊಂದು, ಹನ್ನೆರಡರ ಹುಡುಗಿಯರು ಸೊಂಟದ ಮೇಲೆ ಕೂಸು ಇಟ್ಟುಕೊಂಡು ನಿಂತಿರುತ್ತಾರೆ. ನಾನು ಕಂಡ ಒಬ್ಬ ಹುಡುಗಿ ಕೂಸಿಗೆ ಗಂಜಿ ತಿನ್ನಿಸುತ್ತಾ ಇನ್ನೊಂದು ಕೈಯಲ್ಲಿ ಹಳೆಯ ನಾಲ್ಕನೇ ಕ್ಲಾಸಿನ ಪುಸ್ತಕ ಹಿಡಿದಿದ್ದಳು. ಓದುತ್ತಾ ಇದ್ದೀಯಾ ಅಂದರೆ, ಇಲ್ಲ, ಚಿತ್ರ ತೋರಿಸಿದರೆ ಇವನು ಬಾಯಿ ತೆಗೆಯುತ್ತಾನೆ ಅಂದಳು. ಅವಳಿಗೆ ಆಗ ಆರನೇ ಕ್ಲಾಸಿನ ವಯಸ್ಸು.

ಇದಕ್ಕೆ ಔಷಧಿ ಗೊತ್ತಿಲ್ಲದ್ದೇನಲ್ಲ. 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆಯಲ್ಲೇ 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕು ಅಂತ ಬರೆದಿದ್ದರು, ಆಮೇಲೆ ಹೆಂಗಸರ ಲೆಕ್ಕದ ಜೊತೆ ಮಕ್ಕಳ ಲೆಕ್ಕವನ್ನೂ ಸೇರಿಸಿ 20 ಮಕ್ಕಳಿದ್ದರೂ ಸಾಕು ಅಂತ ಮಾಡಿದರು. ಆದರೆ ಕೊಡಗಿನಲ್ಲಿ ಸಣ್ಣ ತೋಟಗಳೇ ಜಾಸ್ತಿ, ಅವು ಆ ಲೆಕ್ಕಕ್ಕೆ ಸಿಗುತ್ತಲೇ ಇರಲಿಲ್ಲ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಈ ಮೂರು ವರ್ಷ ಕೂಸು ಯಾರ ಸೊಂಟದ ಮೇಲೆ ಇರಬೇಕು? ಅಕ್ಕನ ಸೊಂಟದ ಮೇಲೆ. ರಾಜ್ಯ ಸರ್ಕಾರ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅಂತ ಶುರು ಮಾಡಿದೆ, ಇಷ್ಟು ಚಿಕ್ಕ ಮಕ್ಕಳಿಗೇ ಅಂತ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ಲೈನಿನಿಂದ ನಡೆದು ಹೋಗುವಷ್ಟು ದೂರದಲ್ಲಿದೆಯಾ, ಕೇಳಿ. ಇಲ್ಲದಿದ್ದರೆ ನೀವು ನಾಲ್ಕು ಹೆಂಗಸರು ಹೋಗಿ ಪಿಡಿಒ ಹತ್ತಿರ ಕೇಳುವ ಮೊದಲ ವಿಷಯ ಅದೇ ಆಗಲಿ.

ಹುಡುಗನ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. "ಅಪ್ಪ ಅಮ್ಮನ ಜೊತೆ ಹೋಗುತ್ತಾನೆ, ಅದು ಬಾಲ ಕಾರ್ಮಿಕ ಅಲ್ಲ" ಅಂತ ತೋಟದವರೂ ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. 2016ರಲ್ಲಿ ತಿದ್ದಿದ ಕಾನೂನಿನಲ್ಲಿ 14 ವರ್ಷದೊಳಗಿನ ಮಗು ಶಾಲೆ ಮುಗಿಸಿ ಬಂದ ಮೇಲೆ, ರಜೆಯಲ್ಲಿ, ತನ್ನ ಮನೆಯದೇ ಉದ್ಯೋಗಕ್ಕೆ ಕೈ ಜೋಡಿಸಬಹುದು ಅಂತಿದೆ, ನಿಜ. ನಿಮ್ಮ ಅಂಗಡಿಯಲ್ಲಿ ನಿಮ್ಮ ಮಗ ಸಂಜೆ ಚಿಲ್ಲರೆ ಕೊಟ್ಟರೆ ಅದು ಮನೆಯ ಉದ್ಯೋಗ. ಸಾಹುಕಾರರ ತೋಟ ಆ ಕೂಲಿಯವರ ಮನೆಯ ಉದ್ಯೋಗ ಆಗುವುದಿಲ್ಲ. ಮಗು ಉದುರು ಹಣ್ಣು ಹೆಕ್ಕಿದ್ದು ತಾಯಿಯ ಚೀಲಕ್ಕೆ ಹೋಗುತ್ತದೆ, ಸಂಜೆ ತೂಕ ಹಾಕುವಾಗ ಎಸ್ಟೇಟಿನ ಲೆಕ್ಕದ ರೈಟರ್ ಬರೆಯುವುದು ತಾಯಿಯ ಹೆಸರು ಮಾತ್ರ, ಹಾಗಾಗಿ ಪುಸ್ತಕದಲ್ಲಿ ಅವನು ಇಲ್ಲವೇ ಇಲ್ಲ. ಕಿಲೋ ಲೆಕ್ಕದ ಕೂಲಿ ಇರುವವರೆಗೆ ಎಲ್ಲಾ ತಾಯಂದಿರಿಗೂ ಈ ಆಸೆ ಇದ್ದೇ ಇರುತ್ತದೆ. ಅವಳನ್ನು ಬೈಯಬೇಡಿ.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಲ್ಲಿಸಿದರು, ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಬದಲಾಯಿತು ಅಷ್ಟೇ. ದಿನಾ ಜಾಸ್ತಿ ಕುಡಿಯುವವನಿಗೆ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅದು ಡಾಕ್ಟರ ಕೈಯಲ್ಲಿ ಆಗಬೇಕಾದ ಕೆಲಸ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಬಹುದು, ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಮೊದಲು ಮಾತಾಡಲೂಬಹುದು. ಕುಡಿಯದ ದಿನ ಅವನು ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾನೆ ಅಂತ ಬರೆದಿರಲ್ಲ, ಅದು ನನಗೆ ಮುಖ್ಯ ಅನ್ನಿಸಿತು. ಮಕ್ಕಳು ಆ ಅಪ್ಪನನ್ನು ಪ್ರೀತಿಸುತ್ತಾರೆ. ಅವನನ್ನು ಜೈಲಿಗೆ ಹಾಕಿಸುವುದಕ್ಕಿಂತ ಅವನಿಗೆ ಚಿಕಿತ್ಸೆ ಕೊಡಿಸುವುದು ಆ ಮಕ್ಕಳಿಗೆ ಬೇಕಾಗಿರುವುದು. ಹಾಗಂತ ಅವನ ಒಳ್ಳೆಯತನ ನೋಡಿ ಏಟನ್ನು ಮರೆಯುವಂತಿಲ್ಲ. ಬಟವಾಡೆ ದಿನ ಹತ್ತಿರ ಬಂದಾಗ ಆ ಮಕ್ಕಳ ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ಕೌನ್ಸೆಲಿಂಗ್‌ನಲ್ಲಿ ಕೇಳಿದ್ದೇನೆ. ಎರಡು ದಿನ ಮೊದಲೇ ಊಟ ಸೇರುವುದಿಲ್ಲ ಅವಕ್ಕೆ.

ಈಗ ಏನೇನು ಮಾಡಬಹುದು, ಅದರಲ್ಲಿ ಏನೇನು ಅಪಾಯ ಇದೆ ಹೇಳುತ್ತೇನೆ.

ಮೊದಲು ಆ ತಾಯಿಯ ಜೊತೆ ಮಾತಾಡಿ. ಅವಳು ಒಬ್ಬಳೇ ಅಂಗಡಿಗೆ ಬಂದಾಗ, ಬಟವಾಡೆಗೆ ದೂರ ಇರುವ ದಿನ. "ನಿನ್ನ ಗಂಡ ಹೀಗೆ" ಅಂತ ಶುರು ಮಾಡಬೇಡಿ, ಹುಡುಗಿಯ ಶಾಲೆಯಿಂದ ಶುರು ಮಾಡಿ. ಅಪಾಯ ಏನಂದರೆ, ಈ ಮಾತು ಗಂಡನ ಕಿವಿಗೆ ಬಿದ್ದರೆ ಏಟು ಬೀಳುವುದು ಅವಳಿಗೆ. ಅದಕ್ಕೇ ಈ ವಿಷಯ ನಿಮ್ಮ ಅಂಗಡಿಯ ಬೇರೆ ಗಿರಾಕಿಗಳ ಮುಂದೆ ಬರಲೇಬಾರದು.

ಶಾಲೆಯದ್ದು ಸುಲಭ. ಹುಡುಗಿ ಎಷ್ಟು ತಿಂಗಳು ಬಿಟ್ಟಿದ್ದರೂ ಅವಳ ವಯಸ್ಸಿನ ಕ್ಲಾಸಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದನ್ನು ಪ್ರತ್ಯೇಕವಾಗಿ ಕಲಿಸಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನೇ ಹೇಳುತ್ತದೆ. ಟಿಸಿ ಇಲ್ಲ, ಆಧಾರ್ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಹೆಡ್ ಮಾಸ್ತರಿಗೆ ಹೇಳಿ. ಅಲ್ಲಿ ಆಗದಿದ್ದರೆ ಬಿಇಒ ಆಫೀಸ್.

ಹಾಸ್ಟೆಲ್‌ಗೆ ಹಾಕಿಬಿಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲವು ಮಕ್ಕಳಿಗೆ ಅದು ಒಳ್ಳೆಯ ದಾರಿ, ಹೊಟ್ಟೆ ತುಂಬಾ ಊಟ, ನಿದ್ದೆ ಸಿಗುತ್ತದೆ. ಆದರೆ ಅಮ್ಮನಿಗೆ ಏಟು ಬೀಳುವಾಗ ಅಡ್ಡ ನಿಂತು ಅಭ್ಯಾಸವಾದ ಹುಡುಗಿಯನ್ನು ಹಾಸ್ಟೆಲ್‌ನಲ್ಲಿ ಬಿಟ್ಟರೆ ಅವಳ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ರಾತ್ರಿ ಎದ್ದು ಗೇಟಿನ ಹತ್ತಿರ ಬರುತ್ತಾಳೆ. ಆದಿವಾಸಿ ಮಕ್ಕಳು ಉಳಿದು ಓದುವ ಆಶ್ರಮ ಶಾಲೆಯಿಂದ ಮಕ್ಕಳು ಹಾಡಿಗೆ ಓಡಿ ಬಂದರೆ ನಾವು ಓದಿನ ಮೇಲೆ ಆಸಕ್ತಿ ಇಲ್ಲ ಅಂತೇವೆ, ಮನೆಯಲ್ಲಿ ಯಾರನ್ನು ಬಿಟ್ಟು ಬಂದಿದ್ದಾರೆ ಅಂತ ಕೇಳುವುದಿಲ್ಲ. ಮೊದಲು ಅವಳನ್ನೇ ಕೇಳಬೇಕು. ಕಾನೂನು ಪ್ರಕಾರವೂ ಮಗುವಿನ ಮಾತು ಕೇಳಲೇಬೇಕು.

ಏಟಿನ ವಿಷಯಕ್ಕೆ ಇನ್ನೊಂದು ದಾರಿ ಇದೆ, ಇದು ಜನರಿಗೆ ಗೊತ್ತೇ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟ್ ಬೇಕಾದರೆ ಹೊಡೆಯುವವನನ್ನೇ ಮನೆಯಿಂದ ಹೊರಗೆ ಇರುವಂತೆ ಆದೇಶ ಮಾಡಬಹುದು. ತಾಯಿ ಮಕ್ಕಳು ಮನೆ ಬಿಡಬೇಕಾಗಿಲ್ಲ. ಈ ಕಾಯ್ದೆಗೆ ಅಂತಲೇ ಇರುವ ರಕ್ಷಣಾಧಿಕಾರಿಗೆ ದೂರು ಅವಳೇ ಕೊಡಬೇಕು ಅಂತಿಲ್ಲ, ಪಕ್ಕದ ಮನೆಯ ನೀವೂ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಬರುವುದಿಲ್ಲ. ಹೆಂಗಸರಿಗೂ ಮಕ್ಕಳಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಬಿಟ್ಟಿ ಸಿಗುತ್ತಾರೆ, 15100ಕ್ಕೆ ಕೇಳಬಹುದು. ಆದರೆ ಲೈನ್ ಮನೆಯಲ್ಲಿ ಒಂದು ತೊಡಕು. ಮನೆ ಎಸ್ಟೇಟಿನದ್ದು, ಸಿಕ್ಕಿರುವುದು ಕೆಲಸದ ಮೇಲೆ. ಗಂಡ ಕೆಲಸ ಬಿಟ್ಟರೆ ಮನೆ ಖಾಲಿ ಮಾಡಿ ಅಂದುಬಿಡುತ್ತಾರೆ. ಹಾಗಾಗಿ ಅವಳ ಹೆಸರು ಎಸ್ಟೇಟಿನ ಕೆಲಸಗಾರರ ಪಟ್ಟಿಯಾದ ಚೆಕ್‌ರೋಲಿನಲ್ಲಿ ಇದೆಯಾ ಅಂತ ಮೊದಲು ತಿಳಿದುಕೊಳ್ಳಬೇಕು. ಮಾಲೀಕರು ಒಳ್ಳೆಯವರಾದರೆ ಅವರ ಒಂದು ಮಾತು ಇಲ್ಲಿ ತುಂಬಾ ಕೆಲಸ ಮಾಡುತ್ತದೆ, ನಾನು ನೋಡಿದ್ದೇನೆ. ಬಟವಾಡೆಯನ್ನು ಹೆಂಡತಿಯ ಖಾತೆಗೆ ಬೇರೆಯಾಗಿ ಹಾಕಿದ ಒಂದೇ ಕಾರಣಕ್ಕೆ ಮನೆಯಲ್ಲಿ ಅಡುಗೆ ನಿಲ್ಲದ ಹಾಗಾದ ಸಂಸಾರಗಳಿವೆ.

ಇನ್ನು 1098. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. 2023ರಿಂದ ಸರ್ಕಾರದ ಇಲಾಖೆಯೇ ನಡೆಸುತ್ತಿದೆ, ತುರ್ತು ಸಹಾಯದ 112ಕ್ಕೂ ಜೋಡಿಸಿದ್ದಾರೆ. ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ, ಹೇಳಿದರೂ ಆ ಮನೆಯವರಿಗೆ ತಿಳಿಸುವಂತಿಲ್ಲ. ಆಮೇಲೆ ಏನಾಗುತ್ತದೆ ಅಂದರೆ, ಮಕ್ಕಳ ರಕ್ಷಣಾ ಘಟಕದವರು ಬಂದು ನೋಡುತ್ತಾರೆ. ತಕ್ಷಣದ ಅಪಾಯ ಇದ್ದು ಮಗುವನ್ನು ಕರೆದುಕೊಂಡು ಹೋದರೆ 24 ಗಂಟೆಯೊಳಗೆ ಸಮಿತಿ ಮುಂದೆ ತರಬೇಕು. ಇಲ್ಲದಿದ್ದರೆ ಮನೆಯ ಪರಿಸ್ಥಿತಿಯ ವರದಿ ಮಾಡಿಸುತ್ತಾರೆ, ಅದಕ್ಕೆ 15 ದಿನ, ಕೊನೆಯ ತೀರ್ಮಾನಕ್ಕೆ ನಾಲ್ಕು ತಿಂಗಳು. ಸಮಿತಿಯಲ್ಲಿ ಅಧ್ಯಕ್ಷರು, ನಾಲ್ಕು ಜನ ಸದಸ್ಯರು, ಒಬ್ಬರಾದರೂ ಹೆಂಗಸು ಇರಲೇಬೇಕು. ಮಕ್ಕಳನ್ನು ತಾಯಿ ಹತ್ತಿರವೇ ಬಿಟ್ಟು, ಆಗಾಗ ಬಂದು ನೋಡುತ್ತೇವೆ ಅಂತ ಆದೇಶ ಮಾಡುವ ಅಧಿಕಾರ ಅವರಿಗಿದೆ, ನಿಮ್ಮ ಈ ಮನೆಗೆ ನಾನಿದ್ದರೆ ಅದನ್ನೇ ಮಾಡುತ್ತಿದ್ದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಕೊಡಿಸಬಹುದು. ಅದಕ್ಕೆ ಹಳ್ಳಿಯಲ್ಲಿ ವರ್ಷದ ಆದಾಯ 72,000 ಮೀರಬಾರದು ಅಂತಿದೆ, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಈ ಮಿತಿ ಅಡ್ಡ ಬರಬಹುದು, ಹಣ ಕೈಗೆ ಬರುವುದೂ ತಡ. ಅದನ್ನೇ ನಂಬಿಕೊಂಡು ಕೂರಬಾರದು.

ಇದರ ಅಪಾಯವನ್ನೂ ಮುಚ್ಚಿಡುವುದಿಲ್ಲ. ಬಂದವರು ಅನುಭವ ಇಲ್ಲದವರಾದರೆ ಲೈನಿನ ಮುಂದೆ ಜೀಪು ನಿಲ್ಲಿಸಿ, ಎಲ್ಲರ ಎದುರು ಕೇಳಿ, ಫೋಟೋ ತೆಗೆದು ಹೋಗುತ್ತಾರೆ. ಆ ರಾತ್ರಿ ಆ ಮನೆಯಲ್ಲಿ ಏನಾಗುತ್ತದೆ ಅನ್ನುವುದನ್ನು ಅವರು ನೋಡುವುದಿಲ್ಲ. ಇನ್ನೊಂದು ಅನ್ಯಾಯವೂ ಇದೆ. ಕುಡಿದು ಹೊಡೆಯುವವರು ಲೈನಿನಲ್ಲಿ ಮಾತ್ರ ಇಲ್ಲ, ಬಂಗಲೆಗಳಲ್ಲೂ ಇದ್ದಾರೆ. ಅಲ್ಲಿ ಗೋಡೆ ದಪ್ಪ, ಗೇಟು ದೂರ, ಯಾರೂ 1098ಕ್ಕೆ ಫೋನ್ ಮಾಡುವುದಿಲ್ಲ. ಹೀಗಾಗಿ ಸರ್ಕಾರದ ಕಣ್ಣು ಯಾವಾಗಲೂ ಬಡವರ ಮನೆ ಮೇಲೇ ಬೀಳುತ್ತದೆ. ಬಂಗಲೆಯ ಮಕ್ಕಳಿಗೂ ಅದೇ ನಂಬರ್, ಅದೇ ಕಾನೂನು. ನಿಮ್ಮ ಬಳಗದಲ್ಲಿ ಅಂಥದ್ದೇನಾದರೂ ಗೊತ್ತಿದ್ದರೆ ಅಲ್ಲೂ ಸುಮ್ಮನಿರಬೇಡಿ.

ಕೆಲವು ಸಂದರ್ಭದಲ್ಲಿ ತಾಯಿ ಜೊತೆ ಮಾತು, ಹೆಡ್ ಮಾಸ್ತರು, ಯಾವುದಕ್ಕೂ ಕಾಯಬಾರದು. ಕತ್ತಿ ಹಿಡಿದಿದ್ದಾನೆ, ಮಗುವಿಗೆ ರಕ್ತ ಬಂದಿದೆ ಅಂದರೆ 112. ಹುಡುಗಿಗೆ ಮದುವೆ ಮಾತು ನಡೆಯುತ್ತಿದೆ, ಇಲ್ಲವೇ ಬೆಂಗಳೂರಿನಲ್ಲಿ ಮನೆಗೆಲಸಕ್ಕೆ ಕಳಿಸುತ್ತಾರೆ ಅಂತ ಸುದ್ದಿ ಬಂದರೆ ಆ ದಿನವೇ 1098. ಲೈಂಗಿಕ ಕಿರುಕುಳದ ಅನುಮಾನ ಬಂದರಂತೂ ತಿಳಿಸುವುದು ಬಿಡುವುದು ನಿಮ್ಮ ಇಷ್ಟ ಅಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದವರು ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಹನ್ನೆರಡರ ಹುಡುಗಿ ದಿನವಿಡೀ ಒಬ್ಬಳೇ ಲೈನಿನಲ್ಲಿ ಇರುತ್ತಾಳೆ ಅನ್ನುವುದು ನನಗೆ ನಿಜವಾಗಿ ಚಿಂತೆ. ಅವಳು ಅಂಗಡಿಗೆ ಬಂದಾಗ ಹತ್ತು ನಿಮಿಷ ಕೂರಿಸಿ ಮಾತಾಡಿಸಿ. ಏನನ್ನೂ ಕೆದಕಬೇಡಿ. ಹೇಳಬೇಕು ಅನ್ನಿಸಿದ ದಿನ ಹೇಳಲು ಒಬ್ಬರಿದ್ದಾರೆ ಅಂತ ಅವಳಿಗೆ ಗೊತ್ತಿದ್ದರೆ ಸಾಕು.

ಆ ತಾಯಿಯ ಶಾಪದ ವಿಷಯ ಕೇಳಿದಿರಿ. ಅವಳು ಕೋಪ ಮಾಡಿಕೊಳ್ಳಬಹುದು, ಸ್ವಲ್ಪ ದಿನ ಅಂಗಡಿಗೆ ಬರದೆಯೂ ಇರಬಹುದು. ಅದಕ್ಕೆ ನೀವು ತಯಾರಿರಬೇಕು. ಸಾಲ ಬರೆದುಕೊಂಡಿದ್ದರೆ ಆ ಸಮಯದಲ್ಲಿ ವಾಪಸ್ ಕೇಳಬೇಡಿ.

ಫೋನ್ ಮಾಡುವ ದಿನ ಇಷ್ಟು ಹೇಳಿ: ಹುಡುಗಿ ಯಾವಾಗಿನಿಂದ ಶಾಲೆ ಬಿಟ್ಟಿದ್ದಾಳೆ, ಕೂಸಿಗೆ ಎಷ್ಟು ತಿಂಗಳು, ಏಟು ಯಾವ ದಿನ ಬೀಳುತ್ತದೆ, ಮುಂದಿನ ಬಟವಾಡೆ ಯಾವತ್ತು. ಜೀಪು ಬೇಡ, ಯೂನಿಫಾರ್ಮ್ ಬೇಡ, ಅಂಗನವಾಡಿ ಟೀಚರ್ ಅಥವಾ ಆಶಾ ಜೊತೆಗೆ ಒಬ್ಬ ಹೆಂಗಸು ಬರಲಿ ಅಂತ ಕೇಳಿ. ಗಂಡ ಕೆಲಸಕ್ಕೆ ಹೋದ ಹೊತ್ತು ಯಾವುದು, ತಾಯಿ ಮನೆಯಲ್ಲಿ ಸಿಗುವ ಹೊತ್ತು ಯಾವುದು ಅಂತ ತಿಳಿಸಿ. ಬಟವಾಡೆ ದಿನಕ್ಕೆ ಮೊದಲೇ ಒಂದು ಸಲ ಬಂದು ಹೋಗಬೇಕು, ಬಟವಾಡೆಯ ಮಾರನೇ ದಿನ ಮತ್ತೊಂದು ಸಲ ಬರಬೇಕು ಅಂತ ಒತ್ತಿ ಹೇಳಿ. ವಾರದೊಳಗೆ ಯಾರೂ ಬರದಿದ್ದರೆ ಮತ್ತೆ ಫೋನ್ ಮಾಡಿ, ಇಲ್ಲವೇ ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಕಾಗದ ಬರೆದು ಕೊಟ್ಟು, ಅದರ ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ.